ಕಡಲಡಿಯ ಮಂಗಳೂರು ಹಂಚು

ಪುತ್ತೂರಿನ ಮಗ್ಗುಲಲ್ಲಿರುವ ನರಿಮೊಗರು ಕಡಲನ್ನು ಕಾಣದ ಊರು. ಅಡಿಕೆಯ ತೋಟ, ಗೇರುಮರಗಳ ಗುಡ್ಡ, ಮುರಕಲ್ಲಿನ ಗೋಡೆ, ಹಂಚಿನ ಮಾಡು—ಇವು ಆ ಸೀಮೆಯ ನೋಟ. ಆದರೂ ಕಡಲಿಗೂ ಆ ಊರಿಗೂ ಎರಡು ಬಗೆಯ ನಂಟುಂಟು. ಮೊದಲನೆಯದು ನೀರಿನ ನಂಟು. ಆ ಕಡೆಯ ಹಳ್ಳಗಳ ಮಳೆನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಬಂಟವಾಳ, ಪಾಣೆಮಂಗಳೂರುಗಳನ್ನು ಹಾದು ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಎರಡನೆಯದು ಮಣ್ಣಿನ ನಂಟು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಮಂಗಳೂರಿನ ಕಾರ್ಖಾನೆಗಳಲ್ಲಿ ಅಚ್ಚಿಗೆ ಸಿಕ್ಕಿ, ಬೆಂಕಿಯಲ್ಲಿ ಬೆಂದು, ಕೆಂಪು ಹಂಚಾಗಿ ಪುತ್ತೂರು ಸೀಮೆಯ ಮನೆಗಳ ಮಾಡನ್ನೇರಿತು. ಮುಳಿಹುಲ್ಲಿನ ಮಾಡುಗಳು ಹೋಗಿ ಪಕ್ಕಾಸು, ರೀಪುಗಳ ಮೇಲೆ ಹಂಚು ಹೊದಿಸಿದ ಮಾಡುಗಳು ಬಂದುದು ಹೀಗೆ. ಅದೇ ಹಂಚು ಹಡಗನ್ನೇರಿ ಮುಂಬಯಿ, ಏಡನ್, ಪೂರ್ವ ಆಫ್ರಿಕದ ಬಂದರುಗಳಿಗೂ ಹೋಯಿತು.

ಹಾಗೆ ಹೊರಟ ಹೊರೆಗಳಲ್ಲಿ ಒಂದು ತನ್ನ ಗುರಿಯನ್ನು ಮುಟ್ಟಲಿಲ್ಲ. ಅದು ಇಂದಿಗೂ ಕಡಲ ತಳದ ಕಥೆಯಾಗಿ ಉಳಿದಿದೆ. ಆ ಹೊರೆಯನ್ನು ಓದುವುದು ಹೇಗೆ, ಓದಿದುದನ್ನು ಮುಂದಿನ ತಲೆಮಾರಿಗೆ ಕೆಡದಂತೆ ದಾಟಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬಂಡೆಗೆ ಬಡಿದ ನೌಕೆ

ಗೋವೆಯ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಿದೆ. 1966ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವದ ಶಾಖೆಯೊಂದು ಆರಂಭವಾದುದು 1981ರಲ್ಲಿ. ಅದಕ್ಕೆ ಕಾರಣರಾದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್ ಅವರು. 1922ರಲ್ಲಿ ಜನಿಸಿ 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಡಾ. ಎಸ್. ಆರ್. ರಾವ್ ಅವರ ಹೆಸರು ಗುಜರಾತಿನ ಲೋಥಲ್ ಉತ್ಖನನದೊಡನೆ ಬೆಸೆದುಕೊಂಡಿದೆ. ಸಿಂಧೂ ನಾಗರಿಕತೆಯ ಕಾಲದಲ್ಲಿ ಇಟ್ಟಿಗೆಯಿಂದ ಕಟ್ಟಿದ, ಇನ್ನೂರು ಮೀಟರಿಗೂ ಮಿಗಿಲಾದ ಉದ್ದದ ಕಟ್ಟೆಯೊಂದನ್ನು ಅವರು ಅಲ್ಲಿ ಹೊರತೆಗೆದು, ಅದು ಹಡಗುಕಟ್ಟೆಯೆಂದು ಸಾರಿದರು. ಆಮೇಲೆ ದ್ವಾರಕೆಯ ಕಡಲೊಳಗೆ ಮುಳುಗುಗಾರರನ್ನು ಇಳಿಸಿ ಕಲ್ಲಿನ ಕಟ್ಟಡಗಳ ಅವಶೇಷಗಳನ್ನೂ, ತೂತು ಕೊರೆದ ಲಂಗರುಗಲ್ಲುಗಳನ್ನೂ ಶೋಧಿಸಿದರು. ನೆಲದ ಮೇಲೆ ಗುದ್ದಲಿ ಹಿಡಿದವರು ನೀರಿನೊಳಗೂ ಚರಿತ್ರೆಯನ್ನು ಹುಡುಕಬಹುದೆಂಬ ಧೈರ್ಯ ನಮ್ಮ ದೇಶಕ್ಕೆ ಬಂದುದು ಹೀಗೆ.

ಈ ಸಂಸ್ಥೆಯ ವಿದ್ವಾಂಸರು ಗೋವೆಯ ಕಡಲಂಚಿನಲ್ಲಿ ನಡೆಸಿದ ಶೋಧಗಳಲ್ಲಿ ಎರಡು ನಮಗೆ ಮುಖ್ಯವಾದವು. ಒಂದು, ಸುಂಚಿ ಎಂಬ ಬಂಡೆಸಾಲಿನ ಬಳಿ ಮುಳುಗಿದ ಹದಿನೇಳನೆಯ ಶತಮಾನದ ಪೋರ್ಚುಗೀಸ್ ಹಡಗು. ಅದರಲ್ಲಿ ಆನೆಯ ದಂತ, ನೀರಾನೆಯ ಹಲ್ಲು, ತೋಪು, ಚೀನಾ ದೇಶದ ಪಿಂಗಾಣಿಯ ಚೂರುಗಳು ದೊರೆತುವು. ಇನ್ನೊಂದು, ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿಯ ಹಡಗು. ಅಲ್ಲಿ ದಂತವೂ ಇಲ್ಲ, ತೋಪೂ ಇಲ್ಲ. ಇದ್ದುದು ಸುಟ್ಟ ಮಣ್ಣಿನ ಸಾಮಾನು: ಮಾಡಿನ ಹಂಚು, ಮಾಡಿನ ಕೋಡಿಗೆ ಹೊದಿಸುವ ಹಂಚು, ನೆಲಕ್ಕೆ ಹಾಸುವ ಹಂಚು, ಹೊಗೆಗೂಡಿನ ಇಟ್ಟಿಗೆ, ಗ್ರೀಕರ ಶೈಲಿಯಲ್ಲಿ ಎಲೆಬಳ್ಳಿಗಳನ್ನು ಮೂಡಿಸಿದ ಕಂಬದ ಬೋದಿಗೆ. ಅವುಗಳ ಮೇಲೆ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಅಂಕಿಯೂ ಒತ್ತಿದ್ದುವು!

ಈ ಹೆಸರು ನಮ್ಮವರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣಾಲಯ, ನೇಯ್ಗೆ, ಹಂಚು—ಹೀಗೆ ಹಲವು ಉದ್ಯಮಗಳನ್ನು ನಡೆಸಿದರು. ಅವರಲ್ಲಿ ಒಬ್ಬರಾದ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಹಂಚಿನ ಮೇಲಿರುವ ಅಂಕಿ ಆ ವರ್ಷದ್ದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಂಚಿನ ಮೇಲೆ 1865 ಎಂದಿದ್ದ ಮಾತ್ರಕ್ಕೆ ಹಡಗು ಆ ವರ್ಷವೇ ಮುಳುಗಿತೆಂದು ತಿಳಿಯಬಾರದು. ಅದು ಉದ್ಯಮ ಹುಟ್ಟಿದ ವರ್ಷ. ಹಂಚು ಹುಟ್ಟಿದ ವರ್ಷವಲ್ಲ. ನಮ್ಮ ಅಂಗಡಿಗಳ ಹಲಗೆಯ ಮೇಲೆ ಸ್ಥಾಪನೆಯ ವರ್ಷವನ್ನು ಬರೆಸುವ ಹಾಗೆಯೇ ಇದೂ. ಹಡಗು 1865ಕ್ಕಿಂತ ಮೊದಲು ಮುಳುಗಿರಲಾರದು ಎಂಬಷ್ಟನ್ನೇ ಆ ಅಂಕಿ ಖಚಿತವಾಗಿ ಹೇಳುತ್ತದೆ. ಹಾಗಾದರೆ ಹಂಚಿನ ನಿಜವಾದ ವಯಸ್ಸನ್ನು, ಅದು ಹೊರಬಂದ ಅಚ್ಚನ್ನು ತಿಳಿಯುವುದು ಹೇಗೆ? ಅಕ್ಷರಗಳ ಆಕಾರ, ಅವುಗಳ ನಡುವಣ ಅಂತರ, ಅಂಚಿನ ಕೊಕ್ಕೆಯ ಅಳತೆ, ಅಚ್ಚಿನ ಮೇಲಿದ್ದ ಗೀರು—ಇಂಥ ಅತಿಸೂಕ್ಷ್ಮ ವಿವರಗಳನ್ನು ಬೇರೆ ಹಂಚುಗಳೊಡನೆ ಹೋಲಿಸಿ ನೋಡಬೇಕು. ಆ ಹೋಲಿಕೆಗೆ ಒದಗಿಬಂದಿರುವುದೇ ವಸ್ತುವನ್ನು ಉದ್ದ, ಅಗಲ, ಎತ್ತರಗಳೆಂಬ ಮೂರು ಆಯಾಮಗಳಲ್ಲಿಯೂ ಅಂಕಿಗಳಾಗಿ ಬರೆದಿಡುವ ಹೊಸ ವಿದ್ಯೆ.

ಎರಡು ಕಣ್ಣುಗಳ ಗುಟ್ಟು

ಹಿಂದೆ ಹಡಗಿನ ಅವಶೇಷವೊಂದು ಸಿಕ್ಕಿತೆಂದರೆ ಮುಳುಗುಗಾರನು ಅಳತೆಯ ಪಟ್ಟಿ, ಪ್ಲಾಸ್ಟಿಕ್ ಹಲಗೆ, ಸೀಸದಕಡ್ಡಿಗಳನ್ನು ಹಿಡಿದು ನೀರಿಗೆ ಇಳಿಯುತ್ತಿದ್ದನು. ಬೆನ್ನ ಮೇಲಿನ ಗಾಳಿ ಮುಗಿಯುವುದರೊಳಗೆ ಹತ್ತಾರು ಅಳತೆಗಳನ್ನು ತೆಗೆದು, ಕೈಯಲ್ಲೇ ಚಿತ್ರ ಬರೆದು ಮೇಲೆ ಬರಬೇಕು. ನೀರಿನಲ್ಲಿ ವಸ್ತುಗಳು ಇದ್ದುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ದೊಡ್ಡವಾಗಿ, ಹತ್ತಿರವಾಗಿ ಕಾಣುತ್ತವೆ. ಸೆಳೆತ ಪಟ್ಟಿಯನ್ನು ಬಾಗಿಸುತ್ತದೆ. ಒಬ್ಬನ ಅಳತೆ ಇನ್ನೊಬ್ಬನದಕ್ಕೆ ಹೊಂದದು.

ಈ ತೊಡಕಿಗೆ ಪರಿಹಾರ ಮನುಷ್ಯನ ಮುಖದಲ್ಲಿಯೇ ಇದೆ. ಒಂದು ಕಣ್ಣನ್ನು ಮುಚ್ಚಿ ಸೂಜಿಗೆ ದಾರ ಪೋಣಿಸಲು ಯತ್ನಿಸಿ ನೋಡಿ, ಕಷ್ಟದ ಅರಿವಾಗುತ್ತದೆ. ನಮ್ಮ ಎರಡು ಕಣ್ಣುಗಳೂ ಒಂದೇ ವಸ್ತುವನ್ನು ತುಸು ಬೇರೆ ಬೇರೆ ಸ್ಥಳಗಳಿಂದ ನೋಡುತ್ತವೆ. ಆ ಎರಡು ನೋಟಗಳ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಎಣಿಸುತ್ತದೆ. ಕ್ಯಾಮೆರಾ ಕೂಡ ಒಂದೇ ವಸ್ತುವನ್ನು ಹಲವು ಕಡೆಗಳಿಂದ ನೋಡಿದರೆ, ಆ ಚಿತ್ರಗಳಿಂದ ವಸ್ತುವಿನ ಆಕಾರವನ್ನು ಲೆಕ್ಕ ಹಾಕಿ ತೆಗೆಯಬಹುದು. ಇದಕ್ಕೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಕನ್ನಡದಲ್ಲಿ ಛಾಯಾಚಿತ್ರಮಾಪನ ಎನ್ನಬಹುದು.

ಈ ತತ್ತ್ವ ಹೊಸದೇನೂ ಅಲ್ಲ. ಮುಳುಗು ಬಲ್ಲ ಪುರಾತತ್ತ್ವಜ್ಞರು ಕಡಲ ತಳದಲ್ಲಿಯೇ ನಿಂತು ಒಂದು ಹಡಗಿನ ಉತ್ಖನನವನ್ನು ಕ್ರಮವಾಗಿ ಮುಗಿಸಿದುದು 1960ರಲ್ಲಿ, ತುರ್ಕಿಯ ಗೆಲಿದೋನ್ಯ ಭೂಶಿರದ ಬಳಿ. ಆ ಕೆಲಸದ ಮುಂದಾಳು ಅಮೆರಿಕದ ಜಾರ್ಜ್ ಬಾಸ್ ಅವರು. 1964ರಲ್ಲಿ ಅವರೇ ತುರ್ಕಿಯ ಯಾಸ್ಸಿ ಅದಾದಲ್ಲಿ ಅಶೇರಾ ಎಂಬ ಪುಟ್ಟ ಜಲಾಂತರ್ಗಾಮಿಯಿಂದ ಜೋಡಿಚಿತ್ರಗಳನ್ನು ತೆಗೆಸಿ ನಕ್ಷೆ ಮಾಡಿಸಿದರು. ಅಂದು ಆ ಜೋಡಿಚಿತ್ರಗಳಿಂದ ಅಳತೆ ತೆಗೆಯುವುದು ಪರಿಣತರಿಗೂ ದೀರ್ಘಶ್ರಮದ ಕೆಲಸವಾಗಿತ್ತು. ಇಂದು ಆ ಶ್ರಮವನ್ನು ಗಣಕಯಂತ್ರ ವಹಿಸಿಕೊಂಡಿದೆ.

ಒಂದು ಹಂಚನ್ನೇ ತೆಗೆದುಕೊಳ್ಳೋಣ. ಅದನ್ನು ಮೇಜಿನ ಮೇಲಿರಿಸಿ ಸುತ್ತಲೂ ನೂರು, ನೂರೈವತ್ತು ಚಿತ್ರಗಳನ್ನು ತೆಗೆಯಬೇಕು. ಪ್ರತಿಯೊಂದು ಚಿತ್ರದ ಮೂರರಲ್ಲಿ ಎರಡು ಪಾಲಾದರೂ ಮುಂದಿನ ಚಿತ್ರದಲ್ಲಿಯೂ ಕಾಣುವಂತಿರಬೇಕು. ಬಳಿಕ ಹಂಚನ್ನು ಬೋರಲು ಹಾಕಿ ಮತ್ತೊಂದು ಸುತ್ತು. ಗಣಕಯಂತ್ರವು ಒಂದು ಚಿತ್ರದಲ್ಲಿನ ಚುಕ್ಕೆ, ಕಲೆ, ಬಿರುಕುಗಳನ್ನು ಇನ್ನೊಂದರಲ್ಲಿ ಗುರುತಿಸಿ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತೆಂಬುದನ್ನು ಮೊದಲು ಎಣಿಸುತ್ತದೆ. ಆಮೇಲೆ ಹಂಚಿನ ಮೇಲ್ಮೈಯ ಲಕ್ಷಗಟ್ಟಲೆ ಬಿಂದುಗಳಿಗೆ ಸ್ಥಾನ ಕೊಡುತ್ತದೆ. ಆ ಬಿಂದುಗಳನ್ನು ಬಲೆಯಂತೆ ಹೆಣೆದು, ಮೇಲೆ ಬಣ್ಣವನ್ನು ಹೊದಿಸಿದರೆ ತೆರೆಯ ಮೇಲೆ ಹಂಚೇ ಮೂಡಿ ನಿಲ್ಲುತ್ತದೆ. ಬೇಕಾದ ಹಾಗೆ ತಿರುಗಿಸಬಹುದು, ಕೊಯ್ದಂತೆ ಅಡ್ಡಸೀಳನ್ನು ನೋಡಬಹುದು, ಅಳೆಯಬಹುದು.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಹಂಚಿನ ಪಕ್ಕದಲ್ಲಿ ಅಳತೆಗೋಲನ್ನು ಇಡದಿದ್ದರೆ ಗಣಕಯಂತ್ರಕ್ಕೆ ಅದರ ಆಕಾರ ತಿಳಿದೀತು, ಗಾತ್ರ ತಿಳಿಯದು. ಹಂಚು ಗೇಣುದ್ದವೋ ಮಾರುದ್ದವೋ ಅದು ಹೇಳಲಾರದು. ಬಣ್ಣದ ಪಟ್ಟಿಯನ್ನು ಇಡದಿದ್ದರೆ ಮಣ್ಣಿನ ಕೆಂಪು ನಿಜವಾದ ಕೆಂಪೇ ಎಂಬುದೂ ತಿಳಿಯದು. ನೀರಿನೊಳಗಂತೂ ಇನ್ನೂ ಕಷ್ಟ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನೇ. ಕೆಲವೇ ಮೀಟರುಗಳ ಆಳದಲ್ಲಿ ಕೆಂಪು ಹಂಚು ಬೂದಿಬಣ್ಣದ ಕಲ್ಲಿನಂತೆ ಕಾಣುತ್ತದೆ. ಆದುದರಿಂದ ಮುಳುಗುಗಾರರು ದೀಪವನ್ನು ಜತೆಗೆ ಒಯ್ಯುತ್ತಾರೆ. ಮಳೆಗಾಲದಲ್ಲಿ ನಮ್ಮ ಹೊಳೆಗಳು ಕಡಲಿಗೆ ಸುರಿಯುವ ಕೆಸರು ಕರಗಿ ನೀರು ತಿಳಿಯಾಗುವವರೆಗೆ ಈ ಕೆಲಸಕ್ಕೆ ಕೈ ಹಾಕುವಂತೆಯೇ ಇಲ್ಲ.

ಬೆಳಕಿನ ಪಟ್ಟೆ, ನೆರಳಿನ ಸಾಕ್ಷ್ಯ

ಛಾಯಾಚಿತ್ರಕ್ಕೆ ಒಗ್ಗದ ಸೂಕ್ಷ್ಮಗಳಿಗೆ ಬೇರೆ ಉಪಾಯಗಳಿವೆ. ಬೆಳಕಿನ ನೇರವಾದ ಪಟ್ಟೆಗಳನ್ನು ವಸ್ತುವಿನ ಮೇಲೆ ಹಾಯಿಸಿದರೆ ಉಬ್ಬುತಗ್ಗುಗಳಲ್ಲಿ ಅವು ಡೊಂಕಾಗುತ್ತವೆ. ಪಟ್ಟೆಸೀರೆಯನ್ನು ಮಡಿಕೆ ಮಡಿಕೆಯಾಗಿ ಉಟ್ಟಾಗ ಪಟ್ಟೆಗಳು ಬಾಗುವುದಿಲ್ಲವೆ? ಹಾಗೆಯೇ. ಆ ಡೊಂಕನ್ನು ಅಳೆದು ಮೇಲ್ಮೈಯ ಆಕಾರವನ್ನು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ಸೂಕ್ಷ್ಮವಾಗಿ ತಿಳಿಯುವ ಯಂತ್ರಗಳು ಇಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿವೆ. ಸುಟ್ಟ ಮಣ್ಣಿನ ಒರಟು ಮೈಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಹೊಳೆಯುವ ಪಿಂಗಾಣಿಗೆ, ಗಾಜಿಗೆ ಅಷ್ಟಾಗಿ ಹೊಂದದು. ಹೊಳಪು ಬೆಳಕನ್ನು ದಾರಿ ತಪ್ಪಿಸುತ್ತದೆ.

ಇಂಥ ವಿದ್ಯೆ ಕನ್ನಡನಾಡಿಗೆ ಬಂದಿಲ್ಲವೆಂದಲ್ಲ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಿಲಾಶಾಸನಗಳನ್ನು ಹೀಗೆ ಮೂರು ಆಯಾಮಗಳಲ್ಲಿ ದಾಖಲಿಸುವ ಯೋಜನೆಯನ್ನು ಕೈಗೊಂಡಿತು. 2018ರಲ್ಲಿ ಹೆಬ್ಬಾಳದಲ್ಲಿ ಮಣ್ಣಿನಿಂದ ಹೊರಬಂದ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ಕಿತ್ತಯ್ಯನ ವೀರಗಲ್ಲು ಅದರಲ್ಲಿ ಪ್ರಸಿದ್ಧವಾದುದು. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳು ತೆರೆಯ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟಾಗ ಮತ್ತೆ ಎದ್ದು ಕಾಣುತ್ತವೆ. ಕಲ್ಲಿನ ಮೇಲಿನ ಅಕ್ಷರಕ್ಕೆ ಒದಗಿದುದು ಹಂಚಿನ ಮೇಲಿನ ಅಕ್ಷರಕ್ಕೆ ಒದಗದಿರಲು ಕಾರಣವೇ ಇಲ್ಲ.

ಓರೆಬೆಳಕಿನ ಈ ಉಪಾಯವನ್ನೇ ಇನ್ನಷ್ಟು ಬೆಳೆಸಿದವರುಂಟು. ಕ್ಯಾಮೆರಾವನ್ನು ಕದಲಿಸದೆ ದೀಪವನ್ನು ಮಾತ್ರ ಹತ್ತಾರು ದಿಕ್ಕುಗಳಲ್ಲಿ ಹಿಡಿದು ಚಿತ್ರ ತೆಗೆದರೆ, ಆ ಚಿತ್ರಗಳನ್ನು ಗಣಕಯಂತ್ರ ಒಂದುಗೂಡಿಸಿ ನಾವು ಬಯಸಿದ ಕಡೆಯಿಂದ ಬೆಳಕು ಬೀಳುವಂತೆ ತೋರಿಸುತ್ತದೆ. 1901ರಲ್ಲಿ ಗ್ರೀಸಿನ ಅಂತಿಕಿತೀರ ದ್ವೀಪದ ಬಳಿ ಮುಳುಗಿದ ಹಡಗಿನಿಂದ ಮೇಲೆ ಬಂದ ಕಂಚಿನ ಗಡಿಯಾರದಂಥ ಯಂತ್ರವನ್ನು 2005ರಲ್ಲಿ ಈ ವಿಧಾನದಿಂದ ಪರೀಕ್ಷಿಸಿದರು. ಅಷ್ಟೇ ಅಲ್ಲ, ಎಂಟು ಟನ್ ತೂಕದ ಕ್ಷಕಿರಣ ಯಂತ್ರವನ್ನು ಅಥೆನ್ಸಿನ ವಸ್ತುಸಂಗ್ರಹಾಲಯಕ್ಕೇ ತಂದು, ಆಸ್ಪತ್ರೆಯಲ್ಲಿ ರೋಗಿಯನ್ನು ಸ್ಕ್ಯಾನ್ ಮಾಡುವ ಹಾಗೆ ಅದರ 82 ತುಂಡುಗಳ ಒಳಗನ್ನೂ ನೋಡಿದರು. ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಚಕ್ರಗಳು, ಎರಡು ಸಾವಿರ ವರ್ಷಗಳಿಂದ ಯಾರೂ ಓದದ ಸಾವಿರಾರು ಅಕ್ಷರಗಳು ಆಗ ಬೆಳಕಿಗೆ ಬಂದುವು. ಆ ಯಂತ್ರವು ಸೂರ್ಯ, ಚಂದ್ರ, ಗ್ರಹಣಗಳ ಗತಿಯನ್ನು ಎಣಿಸುತ್ತಿತ್ತು.

ಕಬ್ಬಿಣದ ವಸ್ತುಗಳಿಗೆ ಕ್ಷಕಿರಣವೇ ಗತಿ. ಉಪ್ಪುನೀರಿನಲ್ಲಿ ಕಬ್ಬಿಣ ಕರಗುತ್ತ ಹೋದಂತೆ ಸುತ್ತಲೂ ಸುಣ್ಣ, ಮರಳು, ಚಿಪ್ಪುಗಳು ಸೇರಿ ಗಟ್ಟಿಯಾದ ಕವಚ ಬೆಳೆಯುತ್ತದೆ. ಕೊನೆಗೆ ಒಳಗಣ ಮೊಳೆಯೋ ಕತ್ತಿಯೋ ಪೂರ್ತಿ ಕರಗಿ ಅದರ ಆಕಾರದ ಟೊಳ್ಳು ಮಾತ್ರ ಉಳಿಯುವುದುಂಟು. ಒಡೆದು ನೋಡಿದರೆ ಏನೂ ಇಲ್ಲ! ಒಡೆಯದೆ ಕ್ಷಕಿರಣದಿಂದ ನೋಡಿದರೆ ಟೊಳ್ಳಿನ ಆಕಾರ ದೊರೆಯುತ್ತದೆ. ಅದರಿಂದ ಆ ಕತ್ತಿಯ ಪ್ರತಿರೂಪವನ್ನು ಮತ್ತೆ ಮಾಡಬಹುದು.

ಕೈಗೆಟುಕದ ಆಳದಲ್ಲಿ

ಮುಳುಗುಗಾರನು ಇಳಿಯಲಾರದ ಆಳದಲ್ಲಿ ಕಣ್ಣಿನ ಕೆಲಸವನ್ನು ಕಿವಿ ಮಾಡುತ್ತದೆ. ಹಡಗಿನಿಂದ ನೂರಾರು ಶಬ್ದಕಿರಣಗಳನ್ನು ಬೀಸಣಿಗೆಯಂತೆ ಕೆಳಗೆ ಕಳುಹಿಸಿ, ತಳಕ್ಕೆ ತಾಗಿ ಮರಳುವ ಪ್ರತಿಧ್ವನಿಯ ಹೊತ್ತನ್ನು ಎಣಿಸುತ್ತಾರೆ. ಕಡಲನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುವುದರಿಂದ ಆಳ ತಾನಾಗಿ ತಿಳಿಯುತ್ತದೆ. ಕೆಸರುನೀರಾದರೂ ಶಬ್ದಕ್ಕೆ ಅಡ್ಡಿಯಿಲ್ಲ. ಹೀಗೆ ಗುರುತಾದ ಸ್ಥಳಕ್ಕೆ ಆಮೇಲೆ ಕ್ಯಾಮೆರಾ ಹೊತ್ತ ಯಂತ್ರವನ್ನು ಇಳಿಸಬಹುದು.

ಈ ವಿದ್ಯೆಯ ಮಹಾಸಾಹಸವೆಂದರೆ ಟೈಟಾನಿಕ್ ಹಡಗಿನದು. 3800 ಮೀಟರ್ ಆಳದಲ್ಲಿ ಬಿದ್ದಿರುವ ಆ ನೌಕೆಯನ್ನು 2022ರಲ್ಲಿ ಯಂತ್ರಗಳಿಂದ ಏಳು ಲಕ್ಷಕ್ಕೂ ಹೆಚ್ಚು ಚಿತ್ರಗಳಲ್ಲಿ ಸೆರೆಹಿಡಿದು, ಇಡಿಯ ಹಡಗಿನ ಪ್ರತಿರೂಪವನ್ನು 2023ರಲ್ಲಿ ಜಗತ್ತಿಗೆ ತೋರಿಸಿದರು. 2024ರಲ್ಲಿ ಮತ್ತೊಂದು ತಂಡ ಹೋಗಿ ನೋಡಿದಾಗ ಮುಂಭಾಗದ ಹೆಸರಾಂತ ಕಟಕಟೆಯ ಒಂದು ಭಾಗ ಕಳಚಿ ಬಿದ್ದಿತ್ತು. ಎರಡು ವರ್ಷ ತಡವಾಗಿದ್ದರೆ ಆ ಪ್ರತಿರೂಪದಲ್ಲಿ ಆ ಕಟಕಟೆ ಇರುತ್ತಿರಲಿಲ್ಲ. ದಾಖಲೆಗೂ ಕಾಲಕ್ಕೂ ನಡುವಣ ಓಟ ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಮರದ ದುಃಖ

ಮಣ್ಣಿಗಿಂತ, ಲೋಹಕ್ಕಿಂತ ಹೆಚ್ಚು ದಾಕ್ಷಿಣ್ಯ ಬೇಡುವುದು ಮರ. ಶತಮಾನಗಳ ಕಾಲ ನೀರು ಕುಡಿದ ಹಲಗೆಯನ್ನು ಮೇಲೆ ತಂದು ಬಿಸಿಲಿಗಿಟ್ಟರೆ ಅದು ಕುಗ್ಗಿ, ಸೊಟ್ಟಗಾಗಿ, ಸೀಳಿಹೋಗುತ್ತದೆ. ಒಣಗಿದ ಮೇಲೆ ಅಳೆದರೆ ಸಿಗುವ ಅಳತೆ ಹಡಗಿನದಲ್ಲ, ಅದರ ಶವದ್ದು. ಆದುದರಿಂದ ಒದ್ದೆಯಿರುವಾಗಲೇ ಅಳೆಯಬೇಕು.

ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟ್ ಪಟ್ಟಣದಲ್ಲಿ 2002ರಲ್ಲಿ ಹದಿನೈದನೆಯ ಶತಮಾನದ ಹಡಗೊಂದು ನದಿಯ ದಂಡೆಯ ಕೆಸರಿನಿಂದ ಹೊರಬಿತ್ತು. ಅದನ್ನು ಬಿಚ್ಚಿ, ಸಾವಿರಕ್ಕೂ ಮಿಗಿಲಾದ ಮರದ ತುಂಡುಗಳನ್ನು ಒಂದೊಂದಾಗಿ ತೊಳೆದು, ಮನುಷ್ಯನ ತೋಳಿನಂತೆ ಕೀಲುಗಳಲ್ಲಿ ಮಡಚುವ ಲೋಹದ ತೋಳಿನಿಂದ ದಾಖಲಿಸಿದರು. ಆ ತೋಳಿನ ತುದಿಯಲ್ಲಿ ಸೂಜಿಯಿದೆ. ಅದನ್ನು ಹಲಗೆಯ ಅಂಚಿನ ಮೇಲೆ, ಮೊಳೆಯ ತೂತಿನ ಸುತ್ತ, ಬಾಚಿಯ ಏಟಿನ ಗುರುತಿನ ಮೇಲೆ ಸವರಿದಂತೆಲ್ಲ ತೆರೆಯ ಮೇಲೆ ಗೆರೆ ಮೂಡುತ್ತದೆ. ಅಂಚಿಗೊಂದು ಬಣ್ಣ, ಮೊಳೆಗೊಂದು ಬಣ್ಣ, ಉಪಕರಣದ ಗುರುತಿಗೊಂದು ಬಣ್ಣ. ಹೀಗೆ ದೊರೆತ ಅಂಕಿಗಳಿಂದ ಪ್ರತಿಯೊಂದು ತುಂಡನ್ನೂ ಹತ್ತರಲ್ಲೊಂದು ಗಾತ್ರಕ್ಕೆ ಯಂತ್ರದಿಂದ ತಯಾರಿಸಿ, ಮಕ್ಕಳ ಆಟಿಕೆಯಂತೆ ಜೋಡಿಸಿ, ಆ ಹಡಗು ನೀರಿನ ಮೇಲೆ ಹೇಗೆ ನಿಂತಿತ್ತೆಂಬುದನ್ನು ಕಂಡುಕೊಂಡರು.

ನಮ್ಮ ತೀರದ ಕಥೆ ಬೇರೆ. ಪಶ್ಚಿಮ ತೀರದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ನೌಕೆ ಕಟ್ಟುವ ಪದ್ಧತಿ ಪುರಾತನವಾದುದು. ಆದರೆ ಆ ಬಡಗಿಗಳು ನಕ್ಷೆ ಬರೆದವರಲ್ಲ. ಲೆಕ್ಕವೆಲ್ಲ ಕಣ್ಣಿನಲ್ಲಿ, ಕೈಯಲ್ಲಿ, ಬಾಯಿಪಾಠದಲ್ಲಿ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರ್ಪಡೆಯಾದ ಕೌಂಡಿನ್ಯ ಎಂಬ ಹೊಲಿದ ಹಡಗನ್ನು ನೆನೆಯಿರಿ. ಅದನ್ನು ಕಟ್ಟಲು ಆಧಾರವಾಗಿ ದೊರೆತುದು ಅಜಂತಾ ಗುಹೆಯ ಐದನೆಯ ಶತಮಾನದ ಒಂದು ವರ್ಣಚಿತ್ರ. ಹಡಗೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಗೋಡೆಯ ಮೇಲಿನ ಚಿತ್ರದಿಂದ ಆಕಾರವನ್ನು ಊಹಿಸಿ, ಮದರಾಸಿನ ಐ. ಐ. ಟಿ.ಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ, ಕೇರಳದ ಕುಶಲಕರ್ಮಿಗಳ ಕೈಯಲ್ಲಿ ಹೊಲಿಸಬೇಕಾಯಿತು. ಇದು ಹೆಮ್ಮೆಯ ಸಾಧನೆ. ಆದರೆ ದಾಖಲೆಯಿಲ್ಲದ ವಿದ್ಯೆಯನ್ನು ಮರಳಿ ಪಡೆಯಲು ಎಷ್ಟು ಪಾಡುಪಡಬೇಕೆಂಬುದಕ್ಕೂ ಅದು ಸಾಕ್ಷಿ. ಮಂಗಳೂರಿನ ಧಕ್ಕೆಯಿಂದ ಹಂಚು ಹೊತ್ತು ಹೊರಡುತ್ತಿದ್ದ ಪತ್ತೆಮಾರಿಗಳೂ ಮಂಜಿಗಳೂ ನಮ್ಮ ಅಜ್ಜಂದಿರ ಕಣ್ಣಿಗೆ ಬಿದ್ದವು. ಅವುಗಳಲ್ಲಿ ಎಲ್ಲಿಯಾದರೂ ಒಂದು ದಡದಲ್ಲಿ ಹಾಳುಬಿದ್ದಿದ್ದರೆ, ಒಲೆಗೆ ಸೌದೆಯಾಗುವ ಮೊದಲು ಅದನ್ನು ಬಿಂದುಬಿಂದುವಾಗಿ ಬರೆದಿಡುವುದು ಜಾಣತನವಲ್ಲವೆ?

ನೆರಳು ಅಸಲಾದೀತೆ?

ಎಲ್ಲವನ್ನೂ ಗಣಕಯಂತ್ರದೊಳಗೆ ತುಂಬಿಸಿದ ಮೇಲೆ ವಸ್ತುವಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ಅಪಾಯಕರವಾದುದು. ಏಕೆಂದರೆ ಪ್ರತಿರೂಪವು ಮೇಲ್ಮೈಯನ್ನು ಮಾತ್ರ ಬಲ್ಲದು. ಮಣ್ಣು ಯಾವ ಹೊಳೆಯದು, ಎಷ್ಟು ಕಾವಿನಲ್ಲಿ ಬೆಂದಿತು ಎಂದು ತಿಳಿಯಲು ಹಂಚಿನ ಕಣವೇ ಬೇಕು. ಸುಟ್ಟ ಮಣ್ಣನ್ನು ಕಾಯಿಸಿ, ಅದು ಸೂಸುವ ಮಂದವಾದ ಬೆಳಕಿನಿಂದ ವಯಸ್ಸನ್ನು ಎಣಿಸುವ ವಿಧಾನವೊಂದುಂಟು. ಅದಕ್ಕೂ ಕಣವೇ ಬೇಕು. ನಾಳೆ ಹುಟ್ಟಲಿರುವ ಪರೀಕ್ಷೆ ಏನನ್ನು ಕೇಳೀತೆಂದು ಇಂದು ಬಲ್ಲವರಾರು? ಆದುದರಿಂದಲೇ ಯುನೆಸ್ಕೋ ಸಂಸ್ಥೆ 2001ರಲ್ಲಿ ಅಂಗೀಕರಿಸಿ 2009ರಲ್ಲಿ ಜಾರಿಗೆ ಬಂದ ಒಡಂಬಡಿಕೆಯು, ನೂರು ವರ್ಷಗಳಿಗೂ ಹೆಚ್ಚು ಕಾಲ ನೀರಿನಡಿಯಲ್ಲಿರುವ ಮಾನವಕೃತ ಅವಶೇಷಗಳನ್ನು ಇದ್ದಲ್ಲಿಯೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ.

ಮೇಲೆ ತಂದುದೇ ಆದರೆ ಆರೈಕೆ ಮಾಡಬೇಕು. ಕಡಲಿನಿಂದ ತಂದ ಹಂಚನ್ನು ಒರಸಿ ಕಪಾಟಿನಲ್ಲಿಡುವಂತಿಲ್ಲ. ಅದರ ರಂಧ್ರಗಳಲ್ಲಿ ಸೇರಿದ ಉಪ್ಪು ಒಣಗಿದೊಡನೆ ಹರಳುಗಟ್ಟಿ ಮೇಲ್ಪದರವನ್ನೇ ಎಬ್ಬಿಸುತ್ತದೆ. ಅಕ್ಷರವೂ ಅದರೊಡನೆ ಉದುರುತ್ತದೆ. ಸಿಹಿನೀರನ್ನು ಮತ್ತೆ ಮತ್ತೆ ಬದಲಾಯಿಸುತ್ತ ವಾರಗಳು, ತಿಂಗಳುಗಳ ಕಾಲ ನೆನೆಹಾಕಿ ಉಪ್ಪನ್ನು ಇಳಿಸಬೇಕು. ಅಡುಗೆಮನೆಯಲ್ಲಿ ಉಪ್ಪಿನಲ್ಲಿಟ್ಟ ಮಾವಿನಕಾಯಿಯನ್ನು ನೀರಿಗೆ ಹಾಕಿ ಉಪ್ಪು ಬಿಡಿಸುವ ಗೃಹಿಣಿಗೆ ಈ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಆರೈಕೆಯ ಮೊದಲೂ ಕೊನೆಯಲ್ಲೂ ಮೂರು ಆಯಾಮಗಳ ದಾಖಲೆ ಮಾಡಿದರೆ, ಹಂಚು ಎಲ್ಲಿ ಎಷ್ಟು ಸವೆಯಿತೆಂಬುದು ಹೋಲಿಕೆಯಿಂದ ತಿಳಿಯುತ್ತದೆ.

ಅಂಕಿಗಳ ದಾಖಲೆಗೂ ಗೆದ್ದಲುಂಟು. ತಾಳೆಗರಿಯ ಓಲೆ ಮುನ್ನೂರು ವರ್ಷ ಬಾಳಿದುದುಂಟು. ಮೂವತ್ತು ವರ್ಷಗಳ ಹಿಂದಿನ ಗಣಕಯಂತ್ರದ ಕಡತವನ್ನು ಇಂದು ತೆರೆಯಲು ಯಂತ್ರವೇ ಸಿಗದಿರುವುದೂ ಉಂಟು. ಆದುದರಿಂದ ಮೂಲ ಛಾಯಾಚಿತ್ರಗಳನ್ನೂ ಕಾಪಾಡಬೇಕು. ಎಲ್ಲರೂ ಓದಬಲ್ಲ ರೂಪದಲ್ಲಿ ಎರಡು ಮೂರು ಕಡೆ ಪ್ರತಿಗಳನ್ನಿಡಬೇಕು. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಅಳೆದರು ಎಂಬ ವಿವರವನ್ನು ಜತೆಗೆ ಬರೆಯಬೇಕು. ವಿವರವಿಲ್ಲದ ಪ್ರತಿರೂಪ ಬರಿಯ ಬೊಂಬೆ.

ಕೀಲಿಕೈ ಮಾಡಿನ ಮೇಲಿದೆ

ಈಗ ಮರಳಿ ಹಂಚಿನ ಮಾತಿಗೆ ಬರೋಣ. ಸೇಂಟ್ ಜಾರ್ಜ್ ಬಂಡೆಯ ಬಳಿ ದೊರೆತ ಸಾಮಾನಿನ ವಯಸ್ಸನ್ನು ಅಚ್ಚಿನಿಂದ ಓದಬೇಕಾದರೆ, ಕಟ್ಟಿದ ವರ್ಷ ಖಚಿತವಾಗಿ ತಿಳಿದಿರುವ ಮನೆಗಳ ಹಂಚುಗಳು ಹೋಲಿಕೆಗೆ ಬೇಕು. ಒಂದೇ ಅಚ್ಚಿನಿಂದ ಹೊರಬಂದ ಹಂಚುಗಳಲ್ಲಿ ಅಚ್ಚಿನ ಗೀರು, ಸವೆದ ಅಕ್ಷರದ ಮೂಲೆ ಒಂದೇ ತೆರನಾಗಿರುತ್ತವೆ. ಬೆಂಕಿಯಲ್ಲಿ ಬೇಯುವಾಗ ಮಣ್ಣು ಕುಗ್ಗುವುದರಿಂದ ಒಟ್ಟು ಅಳತೆ ತುಸು ಹೆಚ್ಚುಕಡಿಮೆಯಾದೀತು. ಆದರೆ ಅಕ್ಷರ ಅಕ್ಷರಗಳ ನಡುವಣ ಪ್ರಮಾಣ ಅಷ್ಟಾಗಿ ಬದಲಾಗದು. ಇಂಥ ಲೆಕ್ಕವನ್ನು ಪಟ್ಟಿ ಹಿಡಿದು ಮಾಡಲಾಗದು. ಮೂರು ಆಯಾಮಗಳ ಪ್ರತಿರೂಪಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಆದೀತು.

ಆ ಹಂಚುಗಳು ಎಲ್ಲಿವೆ? ವಸ್ತುಸಂಗ್ರಹಾಲಯದಲ್ಲಿ ಕೆಲವು ಇದ್ದಾವು. ಹೆಚ್ಚಿನವು ಇರುವುದು ನರಿಮೊಗರಿನಂಥ ಊರುಗಳಲ್ಲಿ, ಪುತ್ತೂರು, ಸುಳ್ಯ, ಬಂಟವಾಳಗಳ ಹಳೆಯ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ, ಶಾಲೆಗಳ ಮಾಡಿನ ಮೇಲೆ. ಆ ಮನೆಗಳು ಒಂದೊಂದಾಗಿ ಕಾಂಕ್ರೀಟಿಗೆ ಎಡೆಕೊಡುತ್ತಿವೆ. ಮಾಡು ಇಳಿಸಿದ ದಿನ ಗಟ್ಟಿಯಾದ ಹಂಚು ಮಾರಾಟವಾಗುತ್ತದೆ, ಒಡೆದುದು ದಾರಿಯ ಹೊಂಡಕ್ಕೆ ಬೀಳುತ್ತದೆ. ಕಡಲ ತಳದ ಹಂಚಿಗೆ ಕಾವಲಾಗಿ ಬಂಡೆಯೂ ಆಳವೂ ಇವೆ. ನೆಲದ ಮೇಲಿನ ಹಂಚಿಗೆ ಕಾವಲು ಯಾರು?

ಮನೆ ಕೆಡಹಬಾರದೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆದವರಿಗೆ ಚರಿತ್ರೆಯ ಉಪದೇಶ ರುಚಿಸದು. ಆದರೆ ಮಾಡು ಇಳಿಸುವ ದಿನ ಒಂದು ಗಂಟೆಯ ಕೆಲಸ ಸಾಧ್ಯ. ಕಾರ್ಖಾನೆಯ ಹೆಸರುಗಳು ಬೇರೆ ಬೇರೆಯಾಗಿರುವ ಹಂಚುಗಳನ್ನು ಒಂದೊಂದು ಎತ್ತಿಡಿ. ನೆರಳಿನಲ್ಲಿ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಶಾಲೆಯ ಮಕ್ಕಳ ಅಡಿಕೋಲನ್ನಿರಿಸಿ, ಕೈಯಲ್ಲಿರುವ ಫೋನಿನಿಂದಲೇ ಸುತ್ತಲೂ ಚಿತ್ರಗಳನ್ನು ತೆಗೆಯಿರಿ. ಅವುಗಳಿಂದ ಪ್ರತಿರೂಪ ಮಾಡುವ ತಂತ್ರಾಂಶಗಳಲ್ಲಿ ಹಣ ತೆರದೆ ದೊರೆಯುವವೂ ಇವೆ. ಕಾಲೇಜಿನಲ್ಲಿ ಓದುವ ಮಗನೋ ಮಗಳೋ ಎರಡು ದಿನದಲ್ಲಿ ಕಲಿತಾರು. ಮನೆ ಕಟ್ಟಿದ ವರ್ಷವನ್ನು ಹಿರಿಯರಿಂದಲೋ ಕಡತದಿಂದಲೋ ತಿಳಿದು ಬರೆದಿಡಿ. ಕಡಲ ದಂಡೆಯ ಬಂಧುಗಳಿಗೂ ಒಂದು ಮಾತು: ಬಲೆಗೆ ಸಿಕ್ಕಿದ ತೂತುಗಲ್ಲನ್ನೋ ಹಳೆಯ ಪಾತ್ರೆಯನ್ನೋ ಉಜ್ಜಿ ತೊಳೆಯದೆ, ಸಿಕ್ಕಿದ ಸ್ಥಳವನ್ನು ಗುರುತು ಹಾಕಿಕೊಂಡು, ಪುರಾತತ್ತ್ವ ಇಲಾಖೆಗೆ ತಿಳಿಸುವುದು ಲೇಸು. ನೂರು ವರ್ಷಕ್ಕೆ ಮೀರಿದ ಇಂಥ ವಸ್ತುಗಳನ್ನು 1972ರ ಕಾನೂನು ಪುರಾವಸ್ತುಗಳೆಂದು ಪರಿಗಣಿಸುತ್ತದೆ. ಅವನ್ನು ಮನಬಂದಂತೆ ಮಾರುವಂತಿಲ್ಲ, ದೇಶದಾಚೆಗೆ ಸಾಗಿಸುವಂತಿಲ್ಲ.

ಗೋವೆಯ ಬಂಡೆಗೆ ಬಡಿದ ಆ ನೌಕೆಯಲ್ಲಿ ಅರಸರ ನಿಧಿಯಿರಲಿಲ್ಲ. ಎಲ್ಲಿಯೋ ಕಟ್ಟುತ್ತಿದ್ದ ಕಟ್ಟಡವೊಂದಕ್ಕೆ ಬೇಕಾದ ಮಾಡು, ನೆಲ, ಕಂಬದ ಬೋದಿಗೆಗಳಿದ್ದುವು. ಜೇಡಿ ತುಳಿದವರು, ಅಚ್ಚೊತ್ತಿದವರು, ಗೂಡು ಉರಿಸಿದವರು, ತಲೆಹೊರೆಯಲ್ಲಿ ಹಡಗಿಗೆ ಸಾಗಿಸಿದವರು, ಯಾರ ಹೆಸರೂ ಆ ಹಂಚಿನ ಮೇಲಿಲ್ಲ. ಆದರೆ ಹಸಿಮಣ್ಣನ್ನು ಅಚ್ಚಿನಿಂದ ಬಿಡಿಸುವಾಗ ಒತ್ತಿದ ಬೆರಳಿನ ಗುರುತು ಹಂಚಿನ ಅಂಚಿನಲ್ಲಿ ಒಮ್ಮೊಮ್ಮೆ ಉಳಿದುಬರುವುದುಂಟು. ಬೆಳಕಿನ ಪಟ್ಟೆ ಅದನ್ನೂ ಅಳೆದು ಬರೆಯಬಲ್ಲದು. ಈ ಸಲ ಮಾಡಿಗೆ ಏಣಿ ಇಟ್ಟು ಹಂಚು ಕೈಯಾಡಿಸುವಾಗ, ಒಂದೆರಡನ್ನು ತಿರುವಿ ನೋಡಿ.